ಚಾರ್ಜರ್ ಬಿಸಿ ಆಗೋದು ಕಾಮನ್ನಾ? ಯಾವ ತುದಿ ಸ್ವಾಮಿ?

"ಚಾರ್ಜರ್ ಅಂದ್ಮೇಲೆ ಬಿಸಿ ಆಗದೆ ಇರತ್ತಾ ಸಾರ್? ಕಾಮನ್ನು ಬಿಡಿ."

ಈ ಮಾತು ಕೇಳಿಸಿಕೊಳ್ಳದ ಲ್ಯಾಪ್‌ಟಾಪ್ ಮಾಲೀಕರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಅಂಗಡಿಯವನು ಹೇಳ್ತಾನೆ, ಸರ್ವೀಸ್ ಸೆಂಟರ್ ಹುಡುಗ ಹೇಳ್ತಾನೆ, ಆಫೀಸಿನ ಐಟಿ ಸಪೋರ್ಟಿನವನು ನಿಮ್ಮ ಟಿಕೆಟ್ ಕ್ಲೋಸ್ ಮಾಡುವಾಗ ಹೇಳ್ತಾನೆ. ಆರು ತಿಂಗಳು ಬಿಟ್ಟು ಪೋರ್ಟು ಕರಕಲಾದ ಮೇಲೆ ಅದೇ ಬಾಯಿಂದ ಬರೋ ಎರಡನೇ ಮಾತೂ ನಿಮಗೆ ಗೊತ್ತಿರತ್ತೆ: "ನಿಮ್ಮ ಕಡೆ ವೋಲ್ಟೇಜ್ ಸರಿ ಇಲ್ಲ ಸಾರ್. ಮದರ್‌ಬೋರ್ಡೇ ಚೇಂಜ್ ಮಾಡ್ಬೇಕು."

ಮೊದಲು ಕಾಮನ್ನು. ಆಮೇಲೆ ನಿಮ್ಮ ತಪ್ಪು. ಇವೆರಡರ ಮಧ್ಯೆ ಕಂಪನಿ ಹೊಣೆ ಹೊರಬೇಕಾದ ದಿನ ಅಂತ ಒಂದಾದ್ರೂ ಇತ್ತಾ? ಇಲ್ಲವೇ ಇಲ್ಲ! ಈ ಎರಡು ಮಾತುಗಳ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದು ತೀರಿಸಿಕೊಳ್ತೀನಿ, ಸ್ವಲ್ಪ ಸಹಿಸಿಕೊಳ್ಳಿ...

ನಾನು ನಂಗಲಿಯವನು. ಮುಳಬಾಗಿಲಿನಿಂದ ಪೂರ್ವಕ್ಕೆ ಚೆನ್ನೈ ಹೈವೇ ಹಿಡಿದು ಹೋದ್ರೆ ಆಂಧ್ರ ಶುರುವಾಗೋ ಮುಂಚೆ ಸಿಗೋ ಊರು. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಗಡಿ ಅಂತ ಶಾಸನಗಳಲ್ಲಿ ಬರತ್ತಲ್ಲ ನಂಗಲಿ, ಅದೇ. ಇಂಥ ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಏನರ್ಥ ಗೊತ್ತಾ? ಮಿಕ್ಸಿ, ಟಿವಿ, ಸೆಟ್‌ಟಾಪ್ ಬಾಕ್ಸು, ಬೋರ್‌ವೆಲ್ಲಿನ ಸ್ಟಾರ್ಟರು, ಎಲ್ಲಾನೂ ರಿಪೇರಿ ಮಾಡಬಲ್ಲವನು ಅಂತ. ನಾನು ಬರೆಯೋದು ಜಾವಾ ಅಂತ ಎಷ್ಟು ಸಲ ಹೇಳಿದ್ರೂ ಚಿಕ್ಕಪ್ಪನಿಗೆ ಅದು ಸಬೂಬು. ಹಾಗಾಗಿ ಊರಿನ ಅರ್ಧ ಲ್ಯಾಪ್‌ಟಾಪುಗಳ ಕಷ್ಟ ನನ್ನ ಹತ್ರ ಬರತ್ತೆ. ಇಂಜಿನಿಯರಿಂಗ್ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ಲು ಹೀಗೆ ಉಪಯೋಗಕ್ಕೆ ಬರತ್ತೆ ಅಂತ ಯಾರು ಅಂದುಕೊಂಡಿದ್ರು!

ಚಿಕ್ಕಪ್ಪನ ಮಗಳ ಕೇಸು ಹೇಳ್ತೀನಿ. ಬಿ.ಕಾಂ. ಓದ್ತಿದ್ದಾಳೆ. ಲ್ಯಾಪ್‌ಟಾಪು ವಾರಂಟಿಯಲ್ಲಿ ಇದ್ದಾಗಲೇ "ಅಣ್ಣ, ಪಿನ್ನು ಹೋಗೋ ಜಾಗದಲ್ಲಿ ಕೈ ಇಡಕ್ಕಾಗಲ್ಲ" ಅಂತ ಸರ್ವೀಸ್ ಸೆಂಟರಿಗೆ ತಗೊಂಡು ಹೋಗಿದ್ಲು. ಹೆಸರು ಬೇಡ, ಅವರಂಥವರು ಬೇಕಾದಷ್ಟಿದ್ದಾರೆ. ಕಾಮನ್ನು ಅಂತ ಬಾಯಲ್ಲಿ ಹೇಳಿ ಕಳಿಸಿದ್ರು. ಒಂದು ಚೀಟಿ ಕೂಡ ಬರೆದುಕೊಡಲಿಲ್ಲ. ವಾರಂಟಿ ಮುಗಿದು ಎರಡು ತಿಂಗಳಿಗೆ ಚಾರ್ಜ್ ಆಗೋದು ನಿಂತುಹೋಯ್ತು. ಪೋರ್ಟಿನ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಅದೇ ಸೆಂಟರಿನ ಎಸ್ಟಿಮೇಟು: ಮದರ್‌ಬೋರ್ಡ್, 18,500 ರೂಪಾಯಿ. ಕಾರಣ: ವೋಲ್ಟೇಜ್.

ಈಗ ಒಂದೊಂದೇ ಬಿಚ್ಚೋಣ.

*

ಬಿಸಿಯಲ್ಲಿ ಎರಡು ಜಾತಿ. ಈ ವ್ಯತ್ಯಾಸ ಗೊತ್ತಾದ್ರೆ ಅರ್ಧ ಜಗಳ ಗೆದ್ದ ಹಾಗೆ.

ಒಂದು, ಇಟ್ಟಿಗೆಯ ಬಿಸಿ. ಅದೇ, ವೈರಿನ ಮಧ್ಯೆ ಇರೋ ಕಪ್ಪು ಡಬ್ಬಿ, ಅಡಾಪ್ಟರ್. 65 ವ್ಯಾಟಿನ ಒಳ್ಳೆ ಅಡಾಪ್ಟರ್ ಗೋಡೆಯಿಂದ ಎಳೆದುಕೊಂಡಿದ್ದರಲ್ಲಿ 100ಕ್ಕೆ ಸುಮಾರು 88 ಭಾಗ ಲ್ಯಾಪ್‌ಟಾಪಿಗೆ ಕೊಡತ್ತೆ. ಅಂದ್ರೆ ಪೂರ್ತಿ ಲೋಡಿನಲ್ಲಿ 74 ವ್ಯಾಟ್ ತಗೊಂಡು 65 ಕೊಡತ್ತೆ, ಮಿಕ್ಕ 9 ವ್ಯಾಟ್ ಶಾಖವಾಗಿ ಡಬ್ಬಿಯಲ್ಲೇ ಉಳಿಯತ್ತೆ. ಮನೆಯಲ್ಲಿ ಉರಿಯೋ 9 ವ್ಯಾಟಿನ ಎಲ್‌ಇಡಿ ಬಲ್ಬನ್ನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟ ಹಾಗೆ. ಬೆಚ್ಚಗಾಗದೆ ಇನ್ನೇನಾಗತ್ತೆ? ಬ್ಯಾಟರಿ ಖಾಲಿ ಇದ್ದು, ಮೇಲೆ ನೀವು ಗೇಮ್ ಆಡ್ತಿದ್ರೆ ಚೆನ್ನಾಗೇ ಕಾಯತ್ತೆ. ಈ ಬಿಸಿ ಕಾಮನ್ನು. ಒಪ್ಪಿದೆ.

ಎರಡು, ತುದಿಯ ಬಿಸಿ. ಗೋಡೆಯ ಪ್ಲಗ್ಗು, ಡಬ್ಬಿಗೆ ವೈರು ಚುಚ್ಚೋ ಜಾಗ, ಲ್ಯಾಪ್‌ಟಾಪಿಗೆ ಹೋಗೋ ಪಿನ್ನು, ಲ್ಯಾಪ್‌ಟಾಪಿನ ಪೋರ್ಟು. ಇಲ್ಲಿ ವಿದ್ಯುತ್ತು ಯಾವ ರೂಪಕ್ಕೂ ಬದಲಾಗಲ್ಲ. ಲೋಹಕ್ಕೆ ಲೋಹ ಮುಟ್ಟಬೇಕು, ಕರೆಂಟು ದಾಟಬೇಕು, ಅಷ್ಟೇ ಕೆಲಸ. ಇಲ್ಲಿ ಕೈ ಇಡಕ್ಕಾಗದಷ್ಟು ಬಿಸಿ ಬಂತು ಅಂದ್ರೆ ಅದು ಯಾವತ್ತೂ ಕಾಮನ್ನಲ್ಲ. ಅದು ರೋಗ.

ಲೆಕ್ಕ ಸಣ್ಣದು. 19.5 ವೋಲ್ಟಿನ 65 ವ್ಯಾಟ್ ಅಡಾಪ್ಟರಿನಲ್ಲಿ ಪಿನ್ನಿನ ಮೂಲಕ ಸುಮಾರು 3.3 ಆಂಪಿಯರ್ ಹರಿಯತ್ತೆ. ಹುಟ್ಟೋ ಶಾಖ ಅಂದ್ರೆ ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. 3.3ರ ವರ್ಗ ಸುಮಾರು 11. ಪಿನ್ನು ಗಟ್ಟಿಯಾಗಿ ಕೂತು ರೆಸಿಸ್ಟೆನ್ಸು 0.01 ಓಮ್ ಇದ್ರೆ ಶಾಖ 0.1 ವ್ಯಾಟ್, ಗೊತ್ತೇ ಆಗಲ್ಲ. ಒಳಗಿನ ಸ್ಪ್ರಿಂಗ್ ಸಡಿಲವಾಗಿಯೋ, ಸೋಲ್ಡರ್ ಬಿರುಕು ಬಿಟ್ಟೋ ಅದು 0.5 ಓಮ್‌ಗೆ ಏರಿದ್ರೆ? 5.5 ವ್ಯಾಟ್! ಮೊಬೈಲ್ ಅಂಗಡಿಯ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿಂದು. ಅದರ ಐದನೇ ಒಂದು ಭಾಗ, ಅಕ್ಕಿಕಾಳಿನಷ್ಟು ಜಾಗದಲ್ಲಿ, ನಿಮ್ಮ ಪೋರ್ಟಿನೊಳಗೆ.

ಇದು ಅಲ್ಲಿಗೇ ನಿಲ್ಲಲ್ಲ. ಬಿಸಿಗೆ ಲೋಹದ ಮೇಲ್ಮೈ ಹಾಳಾಗತ್ತೆ, ಸ್ಪ್ರಿಂಗು ಇನ್ನೂ ಸಡಿಲವಾಗತ್ತೆ, ರೆಸಿಸ್ಟೆನ್ಸು ಇನ್ನೂ ಏರತ್ತೆ, ಬಿಸಿ ಇನ್ನೂ ಹೆಚ್ಚಾಗತ್ತೆ. ಅದಕ್ಕೇ ಮೊದಲ ದಿನ "ಕಾಮನ್ನು" ಅಂತ ಕಳಿಸಿದ್ದು ಆರು ತಿಂಗಳಿಗೆ ಕರಕಲಾಗಿ ವಾಪಸ್ ಬರೋದು. ಮೊದಲ ದಿನವೇ ಬದಲಾಯಿಸಿದ್ರೆ ಹೋಗ್ತಿದ್ದಿದ್ದು ಒಂದು ಜ್ಯಾಕ್ ಮಾತ್ರ.

ಹಾಗಾಗಿ ನಿಮಗೆ ಯಾರಾದ್ರೂ "ಬಿಸಿ ಕಾಮನ್ನು" ಅಂದ್ರೆ ಒಂದೇ ಪ್ರಶ್ನೆ ಕೇಳಿ: ಯಾವ ತುದಿ ಸ್ವಾಮಿ?

*

ಪತ್ತೆ ಹಚ್ಚೋದು ಹೇಗೆ? ಬ್ರಹ್ಮವಿದ್ಯೆ ಏನಲ್ಲ. ಅರ್ಧ ಗಂಟೆ ಚಾರ್ಜ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕಿತ್ತು, ತಕ್ಷಣ ಗೋಡೆಯಿಂದ ಲ್ಯಾಪ್‌ಟಾಪಿನವರೆಗೆ ಹುಷಾರಾಗಿ ಮುಟ್ಟುತ್ತಾ ಬನ್ನಿ.

ಗೋಡೆಯ ಪ್ಲಗ್ಗು ಬಿಸಿ ಇದ್ರೆ ತಪ್ಪು ಹೆಚ್ಚಾಗಿ ಸಾಕೆಟ್ಟಿಂದು. ಯಾವ ದೇಶದ ಪಿನ್ನಾದ್ರೂ ಹಿಡಿಸೋ ಸರ್ವಧರ್ಮ ಸಮನ್ವಯ ಸಾಕೆಟ್ಟುಗಳು ಬರ್ತವಲ್ಲ, ಅವು ಯಾವ ಪಿನ್ನನ್ನೂ ಗಟ್ಟಿಯಾಗಿ ಹಿಡಿಯಲ್ಲ. ಡಬ್ಬಿಗೆ ಚುಚ್ಚೋ ಮೂರು ತೂತಿನ ಜಾಗ (ಮಿಕ್ಕಿ ಮೌಸ್ ಮುಖದ ಥರ ಇರತ್ತೆ) ಬಿಸಿ ಇದ್ರೆ ಆ ವೈರನ್ನಷ್ಟೇ ಬದಲಾಯಿಸಿ.

ಡಬ್ಬಿ ಮಾತ್ರ ಬಿಸಿ ಇದ್ರೆ ಅದರ ಮೇಲೆ ಬರೆದಿರೋ ಔಟ್‌ಪುಟ್ ಓದಿ. ಲ್ಯಾಪ್‌ಟಾಪಿಗೆ 65 ವ್ಯಾಟ್ ಬೇಕಿದ್ದು ನೀವು 45ರದ್ದು ಹಾಕಿದ್ರೆ ಅದು ದಿನವಿಡೀ ಏದುಸಿರು ಬಿಡತ್ತೆ. ಹಳೇ ಥರದ ದುಂಡು ಪಿನ್ನಿನಲ್ಲಿ ನಿಯಮ ಸರಳ: ವೋಲ್ಟು ಲ್ಯಾಪ್‌ಟಾಪಿನ ಮೇಲೆ ಬರೆದದ್ದಕ್ಕೆ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಜಾಸ್ತಿ ಆಂಪಿಯರ್ ಇದ್ರೆ ಲ್ಯಾಪ್‌ಟಾಪ್ ಸುಡತ್ತೆ ಅನ್ನೋದು ಸುಳ್ಳು. ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳತ್ತೆ.

ಪಿನ್ನು, ಪೋರ್ಟು ಎರಡೂ ಬಿಸಿ ಇದ್ರೆ ಸ್ನೇಹಿತರ ಹತ್ರ ಅದೇ ಥರದ, ಸರಿಯಾಗಿರೋ ಚಾರ್ಜರ್ ತಂದು ಹಾಕಿ. ಅದರಲ್ಲೂ ಬಿಸಿ ಬಂದ್ರೆ ನಿಮ್ಮ ಪೋರ್ಟಿನ ತಪ್ಪು, ಬರದಿದ್ರೆ ನಿಮ್ಮ ಪಿನ್ನಿನ ತಪ್ಪು. ಪಿನ್ನು ಅಲ್ಲಾಡಿಸಿದಾಗ ಚಾರ್ಜಿಂಗ್ ಲೈಟು ಮಿನುಗಿದ್ರೆ ಅನುಮಾನವೇ ಬೇಡ, ಎಲ್ಲೋ ಸಡಿಲವಾಗಿದೆ. ಬ್ಯಾಟರಿ ತುಂಬಿ, ಕೆಲಸವೇನೂ ಮಾಡದೆ ಇದ್ದಾಗ ಲ್ಯಾಪ್‌ಟಾಪು ಎಳೆಯೋ ಕರೆಂಟು ಬಹಳ ಕಮ್ಮಿ. ಆಗಲೂ ಪೋರ್ಟು ಸುಡ್ತಿದ್ರೆ ವಿಷಯ ಗಂಭೀರ. ಸುಟ್ಟ ವಾಸನೆ, ಕಂದು ಕಲೆ, ಉಬ್ಬಿ ಮೇಲೆದ್ದ ಟಚ್‌ಪ್ಯಾಡ್ ಕಂಡ್ರೆ ಅವತ್ತೇ ಬಳಕೆ ನಿಲ್ಲಿಸಿ. ಟಚ್‌ಪ್ಯಾಡ್ ಉಬ್ಬೋದು ಸಾಮಾನ್ಯವಾಗಿ ಬ್ಯಾಟರಿ ಊದಿಕೊಂಡಿದ್ದರ ಗುರುತು.

ಇನ್ನೊಂದು ಮಾತು. ಅಡಾಪ್ಟರ್ ಡಬ್ಬಿಯನ್ನ ಮಾತ್ರ ನೀವು ಬಿಚ್ಚಕ್ಕೆ ಹೋಗ್ಬೇಡಿ. ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ಇರತ್ತೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

*

ಈಗ "ನಿಮ್ಮ ಕಡೆ ವೋಲ್ಟೇಜ್" ಅನ್ನೋ ಮಾತಿಗೆ ಬರೋಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇಲ್ಲಿ ನೆಲ ಅಂದ್ರೆ ನಮ್ಮ ನಂಗಲಿ.

ನಮ್ಮ ಕಡೆ ವೋಲ್ಟೇಜು ಏರುಪೇರಾಗತ್ತೆ, ನಿಜ. ತ್ರೀ ಫೇಸ್ ಬಂದು ತೋಟಗಳ ಮೋಟ್ರುಗಳು ಒಟ್ಟಿಗೆ ಶುರುವಾದ್ರೆ ಬಲ್ಬು ಮಂಕಾಗೋದನ್ನ ಚಿಕ್ಕಂದಿನಿಂದ ನೋಡಿದ್ದೀನಿ. ಆದ್ರೆ ಅಡಾಪ್ಟರಿನ ಮೇಲೆ ಕಂಪನಿಯೇ ಏನು ಅಚ್ಚು ಹಾಕಿದೆ? ಇನ್‌ಪುಟ್ 100ರಿಂದ 240 ವೋಲ್ಟ್. 160ಕ್ಕೆ ಇಳಿದ್ರೂ ಅದು ಅವರು ಕೊಟ್ಟ ಮಾತಿನೊಳಗೇ ಇದೆ. ಆಗ ಗೋಡೆಯಿಂದ ಎಳೆಯೋ ಕರೆಂಟು 0.32ರಿಂದ 0.46 ಆಂಪಿಯರಿಗೆ ಏರತ್ತೆ, ಡಬ್ಬಿ ಸ್ವಲ್ಪ ಜಾಸ್ತಿ ಕಾಯತ್ತೆ, ಅಷ್ಟೇ. ಆಚೆ ಕಡೆ ಬರೋದು ಅದೇ 19.5 ವೋಲ್ಟ್. ಲ್ಯಾಪ್‌ಟಾಪಿನ ಪೋರ್ಟಿಗೆ ತಾನು ನಂಗಲಿಯಲ್ಲಿದ್ದೀನೋ ಕೋರಮಂಗಲದಲ್ಲಿದ್ದೀನೋ ಗೊತ್ತಾಗೋ ದಾರಿಯೇ ಇಲ್ಲ! ನ್ಯೂಟ್ರಲ್ ಕಿತ್ತುಹೋಗಿ ಮನೆಗೆ 400 ವೋಲ್ಟ್ ನುಗ್ಗೋದೂ ಉಂಟು. ಆದ್ರೆ ಆಗ ಡಬ್ಬಿ ಢಂ ಅಂತ ಒಂದೇ ಸಲಕ್ಕೆ ಸಾಯತ್ತೆ. ಪೋರ್ಟು ಆರು ತಿಂಗಳು ನಿಧಾನಕ್ಕೆ ಬೇಯೋದು ಅದರಿಂದಲ್ಲ.

ನಮ್ಮ ಕಡೆಯ ನಿಜವಾದ ತೊಂದರೆ ಬೇರೆ, ಅದು ಅರ್ಥಿಂಗು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದಿದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಆದ್ರೂ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮೂರನೇ ತೂತು ಅಲಂಕಾರಕ್ಕೆ ಮಾತ್ರ. ಲೋಹದ ಮೈಯ ಲ್ಯಾಪ್‌ಟಾಪು ಮುಟ್ಟಿದ್ರೆ ಜುಮ್ ಅನ್ನತ್ತಲ್ಲ, ಅದು ಅರ್ಥಿಂಗ್ ಸರಿಯಿಲ್ಲದ್ದಕ್ಕೆ. ವೈರ್‌ಮನ್ ಕರೆಸಿ ಸರಿಮಾಡಿಸಿ, ಅದು ಜೀವದ ಪ್ರಶ್ನೆ. ಆದ್ರೆ ಪೋರ್ಟು ಸುಟ್ಟಿದ್ದಕ್ಕೂ ಅದಕ್ಕೂ ಗಂಟು ಹಾಕೋಕೆ ಬಂದ್ರೆ ಒಪ್ಪಬೇಡಿ.

*

ಮೂರನೇ ಸಬೂಬು: "ಒರಿಜಿನಲ್ ಬಳಸಿದ್ರೆ ಹೀಗಾಗಲ್ಲ." ನಾಲ್ಕೈದು ನೂರಕ್ಕೆ ಸಿಗೋ ಡೂಪ್ಲಿಕೇಟುಗಳನ್ನ ನಾನು ಸಮರ್ಥಿಸಲ್ಲ. ಕೈಯಲ್ಲಿ ಹಿಡಿದ್ರೆ ಖಾಲಿ ಬೆಂಕಿಪೊಟ್ಟಣದ ಥರ ಹಗುರ, ಒಳಗಿರಬೇಕಾದ ಫಿಲ್ಟರು, ರಕ್ಷಣೆಯ ಭಾಗಗಳೇ ಇರಲ್ಲ. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದ್ರೆ ಅಸಲಿಯೋ ನಕಲಿಯೋ ಗೊತ್ತಾಗತ್ತೆ. ಕೊಳ್ಳೋ ಮುಂಚೆ ನೋಡಿ.

ಆದ್ರೆ ಒರಿಜಿನಲ್ ಅನ್ನೋದು ಪವಿತ್ರ ಗೋವೇನಲ್ಲ. 2014ರ ಆಗಸ್ಟಿನಲ್ಲಿ ಎಚ್‌ಪಿ ಕಂಪನಿ ತನ್ನ ಲ್ಯಾಪ್‌ಟಾಪುಗಳ ಜೊತೆ ಕೊಟ್ಟಿದ್ದ ಎಲ್‌ಎಸ್-15 ಅನ್ನೋ ಪವರ್ ಕಾರ್ಡುಗಳನ್ನ ಅತಿಯಾಗಿ ಕಾಯುತ್ತವೆ ಅಂತ ವಾಪಸ್ ಕರೀತು. ಅಮೆರಿಕದಲ್ಲೇ ಸುಮಾರು 56 ಲಕ್ಷ! ಅದೇ ವರ್ಷದ ಡಿಸೆಂಬರಿನಲ್ಲಿ ಲೆನೊವೊ ಅದೇ ಎಲ್‌ಎಸ್-15 ಕಾರ್ಡುಗಳನ್ನ ವಾಪಸ್ ಕರೀತು, ಅಮೆರಿಕದಲ್ಲಿ ಸುಮಾರು 5 ಲಕ್ಷ. 2016ರಲ್ಲಿ ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೊ ಕಾರ್ಡುಗಳ ಸರದಿ, ಸುಮಾರು 22 ಲಕ್ಷ. ಎಲ್ಲಾ ಒರಿಜಿನಲ್ಲೇ. ಬರೀ ತಾಮ್ರ, ಪ್ಲಾಸ್ಟಿಕ್ಕು ಇರೋ ಗೋಡೆಯ ವೈರುಗಳೇ ಹೀಗಾದ್ರೆ, "ಒರಿಜಿನಲ್ ಕಾಯಲ್ಲ" ಅನ್ನೋರಿಗೆ ಏನು ಹೇಳೋಣ? ಅಲ್ಲಿ ಜನ ದೂರು ಬರೆದ್ರು, ದೂರುಗಳು ಒಂದು ಕಡೆ ಸೇರಿದ್ವು, ಲೆಕ್ಕ ಆಯ್ತು. ನಮ್ಮಲ್ಲಿ ದೂರು ಕೌಂಟರಿನಲ್ಲೇ "ಕಾಮನ್ನು" ಅಂತ ಸತ್ತುಹೋಗತ್ತೆ.

*

ಕೊನೆಗೆ ಮದರ್‌ಬೋರ್ಡು. ನಮ್ಮ ಹುಡುಗಿಯ ಲ್ಯಾಪ್‌ಟಾಪಿನ ಸರ್ವೀಸ್ ಮ್ಯಾನ್ಯುಯಲ್ಲು ಕಂಪನಿಯ ವೆಬ್‌ಸೈಟಿನಲ್ಲೇ ಇತ್ತು. ಇಳಿಸಿಕೊಂಡು ನೋಡಿದ್ರೆ ಪವರ್ ಪೋರ್ಟಿಗೆ ಪ್ರತ್ಯೇಕ ಅಧ್ಯಾಯ! ಅದು ಬೋರ್ಡಿಗೆ ಅಂಟಿಕೊಂಡೇ ಇಲ್ಲ. ಗೇಣುದ್ದದ ಕೇಬಲ್ಲು, ಒಂದು ಸ್ಕ್ರೂ, ಒಂದು ಕನೆಕ್ಟರು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿಯಲ್ಲಿ ಭಾಗಕ್ಕೆ 450, ಕೂಲಿ 300. ಒಟ್ಟು 750 ರೂಪಾಯಿ, ಒಂದು ಗಂಟೆ. 18,500 ಎಲ್ಲಿ, 750 ಎಲ್ಲಿ?

ವಡ್ಡಹಳ್ಳಿ ಮಾರ್ಕೆಟ್ಟಿಗೆ ಟೊಮ್ಯಾಟೊ ತಗೊಂಡು ಹೋಗೋ ನಮ್ಮೂರಿನ ಯಾವ ರೈತನಿಗೂ ಒಂದು ಹಣ್ಣು ಕೊಳೆತಿದೆ ಅಂತ ಇಡೀ ಲೋಡು ಸುರಿ ಅಂತ ಹೇಳಿದ್ರೆ ನಗ್ತಾನೆ. ಆದ್ರೆ ಲ್ಯಾಪ್‌ಟಾಪ್ ವಿಷಯದಲ್ಲಿ ನಾವು ಸುಮ್ಮನೆ ತಲೆಯಾಡಿಸಿ ದುಡ್ಡು ಎಣಿಸ್ತೀವಿ. ಜ್ಯಾಕು ಬೋರ್ಡಿಗೇ ಬೆಸೆದಿರೋ ಮಾಡೆಲ್ಲುಗಳೂ ಇವೆ, ಆದ್ರೆ ಅವನ್ನೂ ಕೈ ಪಳಗಿದ ರಿಪೇರಿಯವರು ಬಿಡಿಸಿ ಹೊಸದು ಬೆಸೆಯಬಲ್ಲರು.

"ಟೈಪ್-ಸಿ ಬಂದ ಮೇಲೆ ಇದೆಲ್ಲ ಹಳೇ ಕಥೆ ಗುರು" ಅನ್ನೋ ಗೆಳೆಯರಿಗೂ ಒಂದು ಮಾತು. ಯುರೋಪಿನವರು ಫೋನುಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಅಂತ ಟೈಪ್-ಸಿ ಕಡ್ಡಾಯ ಮಾಡಿದ್ದು ಒಳ್ಳೆಯದೇ. ಆದ್ರೆ 65 ವ್ಯಾಟಿಗೆ ಅಲ್ಲೂ 20 ವೋಲ್ಟಿನಲ್ಲಿ 3.25 ಆಂಪಿಯರ್ ಹರಿಯತ್ತೆ. ಅದೂ 24 ಪುಟಾಣಿ ಸಂಪರ್ಕಗಳಿರೋ ಪೋರ್ಟಿನಲ್ಲಿ, ಬ್ಯಾಗಿನ ಧೂಳು ನಾರು ತುಂಬಿಕೊಂಡು. 3 ಆಂಪಿಯರಿಗಿಂತ ಜಾಸ್ತಿ ಹರಿಯೋ ಕೇಬಲ್ಲಿನಲ್ಲಿ ಗುರುತಿನ ಚಿಪ್ ಇರಲೇಬೇಕು, ಅಗ್ಗದ ಫೋನ್ ಕೇಬಲ್ಲು ಹಾಕಿದ್ರೆ ಆಗಲ್ಲ. ಮೇಲಾಗಿ ಈ ಪೋರ್ಟು ಹೆಚ್ಚಾಗಿ ಬೋರ್ಡಿಗೇ ಬೆಸೆದಿರತ್ತೆ. ಅಂದ್ರೆ "ಮದರ್‌ಬೋರ್ಡೇ ಚೇಂಜು" ಅನ್ನೋರಿಗೆ ಹಬ್ಬ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೀತು. ಪೋರ್ಟಲ್ಲಿಗೆ ಹೋಗಿ ನೋಡಿ, ಕಂಪನಿಗಳ ವೆಬ್‌ಸೈಟಿನ ದಾರಿ ತೋರಿಸತ್ತೆ. ಅದರಿಂದ ಜ್ಯಾಕು ಸಿಗಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪು ಮಾರುವಾಗಲೇ ಅದನ್ನ ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ 10ಕ್ಕೆ ಅಂಕ ಹಾಕಿ ಅಂಟಿಸಬೇಕು. ನಮಗೆ ಬೇಕಾಗಿರೋದು ಅದು. ಚಾರ್ಜಿಂಗ್ ಪೋರ್ಟನ್ನ ಸವೆಯೋ ಭಾಗ ಅಂತ ಒಪ್ಪಿಕೊಳ್ಳಲಿ, ಚಪ್ಪಲಿಯ ಉಂಗುಷ್ಟದ ಥರ. ಬಿಡಿಭಾಗವಾಗಿ ಬೆಲೆ ನಮೂದಿಸಿ ಮಾರಲಿ. ಇದು ದೊಡ್ಡ ಬೇಡಿಕೆಯಾ?

*

ಅಲ್ಲಿವರೆಗೆ ನಾವೇನು ಮಾಡಬಹುದು? ವಾರಂಟಿ ಇದ್ದಾಗ ತುದಿ ಬಿಸಿ ಬಂದ್ರೆ ಬಾಯಿಮಾತಿಗೆ ವಾಪಸ್ ಬರಬೇಡಿ. "ಪೋರ್ಟ್ ಬಿಸಿಯಾಗುತ್ತಿದೆ" ಅಂತ ಜಾಬ್ ಶೀಟಿನಲ್ಲಿ ಬರೆಸಿ, ತಾರೀಖು ಹಾಕಿಸಿ, ಫೋಟೋ ತಗೊಳ್ಳಿ. ಒಪ್ಪದಿದ್ರೆ ಮೇಲ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದ್ರೆ ನಂಗಲಿಯವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಕೋಲಾರದ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಇನ್ನು ಬ್ಲಾಗು ಬರೆಯೋ ನಾವು. ಕನ್ನಡದಲ್ಲಿ "ಚಾರ್ಜರ್ ಸ್ಫೋಟ" ಅಂತ ಸುದ್ದಿ ಬರತ್ತೆ, ಯಾವ ತುದಿ ಯಾಕೆ ಕಾಯ್ತು ಅಂತ ಬರಲ್ಲ. ಚಾರ್ಜರ್ ಜೊತೆ ಬಂದ ಎಚ್ಚರಿಕೆಯ ಹಾಳೆ ತೆಗೆದು ನೋಡಿದೆ. ಲೋಕದ ಎಷ್ಟೋ ಭಾಷೆಗಳಿವೆ, ಕನ್ನಡ ಇಲ್ಲ. ಇಂಗ್ಲಿಷ್ ಬಾರದ ಅಮ್ಮನೊಬ್ಬಳು ಮಗಳ ಲ್ಯಾಪ್‌ಟಾಪನ್ನ ಹಾಸಿಗೆ ಮೇಲೆ ಚಾರ್ಜಿಗಿಟ್ಟು ಮಲಗಿದ್ರೆ, ಅವಳಿಗೆ ತಿಳಿಯೋ ಮಾತಲ್ಲಿ ಹೇಳಿದವರು ಯಾರು? ಕವಿತೆ, ಪ್ರವಾಸ, ಸಿನಿಮಾ ಎಲ್ಲಾ ಬರೀತೀವಿ, ಬರೀಬೇಕು. ಜೊತೆಗೆ ನಿಮ್ಮ ಮನೆಯ ಲ್ಯಾಪ್‌ಟಾಪ್ ಯಾವ ಮಾಡೆಲ್ಲು, ಯಾವ ತುದಿ ಕಾಯ್ತು, ಎಷ್ಟು ಕೇಳಿದ್ರು, ಕೊನೆಗೆ ಎಷ್ಟರಲ್ಲಿ ಸರಿಹೋಯ್ತು ಅಂತ ನಾಲ್ಕು ಸಾಲು ಬರೆದಿಡಿ. ಹತ್ತು ಜನ ಬರೆದ್ರೆ ಹನ್ನೊಂದನೆಯವನಿಗೆ ಕೌಂಟರಿನಲ್ಲಿ "ಕಾಮನ್ನು" ಅನ್ನೋದು ಕಷ್ಟ ಆಗತ್ತೆ.

ಏನಂತೀರಿ?

ಕೊಸರು: ಮೇಲಿನದೆಲ್ಲ ಚಿಕ್ಕಪ್ಪನಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿದ್ರು. ಆಮೇಲೆ, "ಎಲ್ಲಾ ಸರಿ ಕಣಪ್ಪ, ಹಂಗಾದ್ರೆ ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲೂ ಒಂದು ತುದಿ ಸುಡ್ತಾ ಇದೆ, ಯಾವಾಗ ಬರ್ತೀಯಾ?" ಅಂದ್ರು!